ಒಂದೇ ಒಂದು ಬದಲಾವಣೆ ಮಾಡುವ ಅಧಿಕಾರ ಸಿಕ್ಕರೆ ತಾಲೂಕು ಕಚೇರಿಯಲ್ಲಿ ಏನು ಬದಲಾಯಿಸುತ್ತೀರಿ?

ಕಬ್ಬಿನಗದ್ದೆ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು. ಈಗಷ್ಟೇ ಮನೆಗೆ ಬಂದು ಕೋಪದಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಮ್ಮದು ಮಂಡ್ಯ ಜಿಲ್ಲೆ. ಯಾವ ತಾಲೂಕು ಎಂದು ಬರೆಯುವುದಿಲ್ಲ, ಕೆಲಸ ಇನ್ನೂ ಅಲ್ಲೇ ಆಗಬೇಕಲ್ಲ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ನಾಲೆ ಬಯಲಲ್ಲಿ 1 ಎಕರೆ 12 ಗುಂಟೆ ಇದೆ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಬರುತ್ತಿದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ಸೊಸೈಟಿಯಲ್ಲಿ ಬೆಳೆ ಸಾಲ ಇಲ್ಲ. ಮನೆಯಲ್ಲಿ ತಕರಾರು ಏನೂ ಇಲ್ಲ. ನಾನು, ಅಮ್ಮ, ಮದುವೆಯಾಗಿ ಮೈಸೂರಲ್ಲಿರುವ ತಂಗಿ, ಮೂವರೂ ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕಲು ರೆಡಿ ಇದ್ದೇವೆ.

ಇವತ್ತಿಗೆ ಹನ್ನೊಂದು ಸಲ ಹೋಗಿದ್ದೇನೆ. ಡೈರಿಯಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದೇನೆ. ಮೊದಲು ಪಹಣಿಯಲ್ಲಿರುವ ಹೆಸರು ಬೇರೆ, ಮರಣ ಪತ್ರದಲ್ಲಿರುವ ಹೆಸರು ಬೇರೆ ಎಂದರು. ಒಂದರಲ್ಲಿ ಊರವರು ಕರೆಯುವ ಹೆಸರು, ಇನ್ನೊಂದರಲ್ಲಿ ಸ್ಕೂಲಿನ ಹೆಸರು. ನಮ್ಮ ಕಡೆ ಯಾರ ಮನೆಯಲ್ಲಿ ಹೀಗಿಲ್ಲ ಹೇಳಿ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ಕೊಟ್ಟೆ, ವಂಶವೃಕ್ಷ ಮಾಡಿಸಿ ಕೊಟ್ಟೆ. ಅಷ್ಟರಲ್ಲಿ ಕೇಸ್ ವರ್ಕರ್ ಎಲೆಕ್ಷನ್ ಡ್ಯೂಟಿಗೆ ಹೋದರು, ಬಂದವರೇ ವರ್ಗ ಆದರು. ಹೊಸಬರು ಬಂದು "ಹಳೇದು ನಂಗೊತ್ತಿಲ್ಲ, ಇನ್ನೊಂದ್ ಸೆಟ್ ಜೆರಾಕ್ಸ್ ಕೊಡಿ" ಎಂದರು. ಕೊಟ್ಟೆ. ಅವರನ್ನು ನಿಯೋಜನೆ ಮೇಲೆ ಬೇರೆ ಕಡೆ ಕಳಿಸಿದರು. ಈಗ ಆ ಸೀಟಿನಲ್ಲಿ ಮೂರನೆಯವರು ಇದ್ದಾರೆ.

ಒಂದು ಸಲ ಕೇಳಿದ್ದಕ್ಕೆ "ನಿಮ್ಮ ಫೈಲ್ ಮೇಲಿದೆ" ಎಂದರು. ನಾನು ದಡ್ಡ, ತಲೆ ಎತ್ತಿ ಬೀರುವಿನ ಮೇಲೆ ನೋಡಿದೆ. ಅಲ್ಲಿದ್ದವರೆಲ್ಲ ನಕ್ಕರು. ಮೇಲೆ ಅಂದರೆ ಸಾಹೇಬರ ಹತ್ತಿರ ಅಂತಂತೆ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ನಾನು ನೋಡಿದ್ದೇ ಸರಿ ಇತ್ತು. ಕೆಂಪು ಬಟ್ಟೆಯ ಗಂಟಿನ ಒಳಗೆ, ಬೀರುವಿನ ಮೇಲೇ ಇತ್ತು.

ಚಿಕ್ಕವರಿದ್ದಾಗ ಊರಲ್ಲಿ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ದೆವ್ವ ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಈಗ ಆ ದೆವ್ವದ ಕಷ್ಟ ನನಗೆ ಅರ್ಥವಾಗುತ್ತಿದೆ.

ನ್ಯಾಯವಾಗಿ ಹೇಳಬೇಕೆಂದರೆ ಒಳಗೆ ಯಾರೂ ದುಡ್ಡು ಕೇಳಿಲ್ಲ. ಹೊರಗೆ ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬ ಮಾತ್ರ "ಅಣ್ಣ, ಸುಮ್ನೆ ಯಾಕ್ ಓಡಾಡ್ತೀರಾ" ಎಂದು ಶುರು ಮಾಡಿದ, ನಾನು ನಿಲ್ಲಲಿಲ್ಲ.

ಈಗ ಪ್ರಶ್ನೆ. ಒಂದೇ ಒಂದು ಬದಲಾವಣೆ ಮಾಡುವ ಅಧಿಕಾರ ನಿಮಗೆ ಕೊಟ್ಟರೆ ಏನು ಮಾಡುತ್ತೀರಿ? ಎಲ್ಲರೂ ಪ್ರಾಮಾಣಿಕರಾಗಬೇಕು, ಜನ ಜಾಗೃತರಾಗಬೇಕು ಎಂದು ಮಾತ್ರ ಹೇಳಬೇಡಿ, ಅದನ್ನು ಸ್ಕೂಲಲ್ಲೇ ಕೇಳಿದ್ದೇನೆ.

ಅಗ್ರಹಾರಸರ್ಕಲ್:

ನನ್ನ ಉತ್ತರ ಚಿಕ್ಕದು. ಕೌಂಟರ್‌ನಲ್ಲಿ ಕೂರುವವರು ಬೇರೆ, ತೀರ್ಮಾನ ಮಾಡುವವರು ಬೇರೆ ಇರಬೇಕು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಕೇಂದ್ರ ದೇಶದಲ್ಲೇ ಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು, 2017ರ ಜನವರಿಯಲ್ಲಿ. ನಾನು ಹೋಗಿದ್ದೆ. ಅಪಾಯಿಂಟ್‌ಮೆಂಟ್ ಸಮಯಕ್ಕೆ ಕರೆದರು, ಫೋಟೊ, ಬೆರಳಚ್ಚು, ಮುಗಿಯಿತು. ಅರ್ಜಿ ತೆಗೆದುಕೊಂಡವರಿಗೆ ನನ್ನ ಫೈಲ್ ತಡೆದು ಏನೂ ಸಿಗುವುದಿಲ್ಲ. ತೀರ್ಮಾನ ಮಾಡುವವರಿಗೆ ನಾನು ಯಾರೆಂದೇ ಗೊತ್ತಿಲ್ಲ.

ಇನ್ನೊಂದು ಮಾತು, ಬೈದರೂ ಪರವಾಗಿಲ್ಲ. ಮಹಾರಾಜರ ಕಾಲದಲ್ಲಿ ಆಡಳಿತ ಇದಕ್ಕಿಂತ ಚೆನ್ನಾಗಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೆಳಗ್ಗೆ ತಾವೇ ಊರು ಸುತ್ತಿ ಚರಂಡಿ ನೋಡುತ್ತಿದ್ದರು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಈಗ ಯಾರು ನೋಡುತ್ತಾರೆ?

ಹಳೇಶಿರಸ್ತೇದಾರ:

ನಾನು ಕಂದಾಯ ಇಲಾಖೆಯಲ್ಲಿ 34 ವರ್ಷ ಇದ್ದು ಶಿರಸ್ತೇದಾರನಾಗಿ ನಿವೃತ್ತನಾದವನು. ಈಗ ಮೈಸೂರಲ್ಲಿ ಮೊಮ್ಮಗನನ್ನು ಸ್ಕೂಲಿಗೆ ಬಿಡುವುದು, ಬಂದು ಇಲ್ಲಿ ನಿಮ್ಮ ಜಗಳ ಓದುವುದು, ಇಷ್ಟೇ ಕೆಲಸ. ಕಬ್ಬಿನಗದ್ದೆ ತಮ್ಮಾ, ನಿನ್ನ ಬೀರುವಿನ ಕಥೆಗೆ ನಕ್ಕೆ, ಆಮೇಲೆ ಒಂಥರಾ ಆಯಿತು. ಎಷ್ಟು ಜನಕ್ಕೆ ನಾನೇ "ಮೇಲಿದೆ" ಎಂದು ಹೇಳಿ ಕಳಿಸಿದ್ದೇನೋ.

ಎಲ್ಲ ಆನ್‌ಲೈನ್ ಮಾಡಿದರೆ ಸರಿಹೋಗುತ್ತದೆ ಎನ್ನುವವರು ಇಲ್ಲಿಗೆ ಬಂದೇ ಬರುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಭೂಮಿ ಯೋಜನೆ ಬಂದಾಗ, ಅಂದರೆ 2000ದ ಆಸುಪಾಸಿನಲ್ಲಿ, ನಾನು ಅದೇ ಕೋಣೆಯಲ್ಲಿದ್ದೆ. ಅಲ್ಲಿಯವರೆಗೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹ. ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರು, ಅವರ ಬಗಲಲ್ಲಿ ಸುಮಾರು 2 ಕೋಟಿ ಪಹಣಿ. ರೈತ ಅವರು ಇವತ್ತು ಯಾವ ಊರಲ್ಲಿ ಸಿಗುತ್ತಾರೆ ಎಂದು ಹುಡುಕಿಕೊಂಡು ಸೈಕಲ್ ತುಳಿಯಬೇಕಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಹತ್ತಿಸಿದರು, ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದರು, 15 ರೂಪಾಯಿಗೆ ಕೌಂಟರಲ್ಲಿ ಪಹಣಿ ಸಿಗತೊಡಗಿತು. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ನುಂಗಲಾರದ ತುತ್ತು. ಆದರೆ ಅದರ ಜೀವಾಳ ಕಂಪ್ಯೂಟರ್ ಅಲ್ಲ. ಮುಟೇಶನ್, ಅಂದರೆ ಖಾತೆ ಬದಲಾವಣೆಯ, ಅರ್ಜಿಗಳನ್ನು ಬಂದ ಸಾಲಿನಲ್ಲೇ ತೆಗೆಯಬೇಕು, ಮೊದಲು ಬಂದದ್ದು ಮೊದಲು ಎಂಬ ಕಟ್ಟು. ನಡುವಿನದನ್ನು ಎತ್ತಿ ಮುಂದಕ್ಕೆ ಹಾಕಲು ಅದು ಬಿಡುತ್ತಿರಲಿಲ್ಲ. ಸಾಲು ಜಿಗಿಸುವುದರಲ್ಲೇ ಅಲ್ವಾ ನಮ್ಮ ದೊಡ್ಡಸ್ತಿಕೆ ಇದ್ದದ್ದು.

ಆದರೆ ಕಂಪ್ಯೂಟರಿಗೆ ಹತ್ತುವ ಮುಂಚಿನ ಕಾಗದ ಮೇಜಿನ ಮೇಲೇ ಉಳಿಯಿತು. ಪೌತಿ, ಪೋಡಿ (ಜಮೀನು ಭಾಗ ಮಾಡಿ ಬೇರೆ ನಂಬರ್ ಕೊಡುವುದು), ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು), ಇವೆಲ್ಲ ಅಲ್ಲೇ ಕೊಳೆಯುವುದು.

ಯಾಕೆ ಕೊಳೆಯುತ್ತದೆ ಎಂದರೆ, ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನನ್ನ ಜೊತೆ ಒಬ್ಬರಿದ್ದರು, ಚುರುಕಾದ ಮನುಷ್ಯ, ಲಂಚ ಮುಟ್ಟಿದವರಲ್ಲ. ಒಂದು ಪೌತಿ ಕಡತಕ್ಕೆ ಬೇಗ ಬೇಗ ಟಿಪ್ಪಣಿ ಹಾಕಿ ಮುಗಿಸಿದರು. ವರ್ಷದ ಮೇಲೆ ಸತ್ತವರ ಎರಡನೇ ಹೆಂಡತಿಯ ಮಕ್ಕಳು ಬಂದು ನಿಂತರು. ಇಲಾಖಾ ವಿಚಾರಣೆ ಆರು ವರ್ಷ ಎಳೆಯಿತು, ಎರಡು ಬಡ್ತಿ ಹೋಯಿತು, ಕೊನೆಗೆ ತಪ್ಪಿಲ್ಲ ಎಂದು ಒಂದು ಸಾಲಿನ ಆದೇಶ ಬಂತು. ಅವರ ಪಕ್ಕದ ಮೇಜಿನವರು ಅದೇ ಆರು ವರ್ಷ ಪ್ರತಿ ಕಡತದಲ್ಲೂ 'ನಿಯಮಾನುಸಾರ ಪರಿಶೀಲಿಸಿ ಮಂಡಿಸಿ' ಎಂದು ಬರೆದು ಕೆಳಕ್ಕೆ ತಳ್ಳುತ್ತಾ ಕೂತಿದ್ದರು. ಅವರಿಗೆ ಬಡ್ತಿ ಸಿಕ್ಕಿತು. ನಾವೆಲ್ಲ ಅದನ್ನು ನೋಡುತ್ತಾ ಕಲಿತೆವು. ಸಹಿ ಹಾಕಿದವನಿಗೆ ನೋಟಿಸ್ ಬರುತ್ತದೆ, ಹಾಕದವನಿಗೆ ಬರುವುದಿಲ್ಲ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಡುವುದಿಲ್ಲ, ಕೆಲಸಕ್ಕೆ ಸೇರಿ ಆರು ತಿಂಗಳಲ್ಲಿ ತಾನಾಗಿ ಗೊತ್ತಾಗುತ್ತದೆ.

ಅದಕ್ಕೆ ನನ್ನ ಒಂದು ಬದಲಾವಣೆ ಇದು. ಕಡತ ಯಾವ ಮೇಜಿಗೆ ಯಾವತ್ತು ಬಂತು, ಎಷ್ಟು ದಿನ ಕೂತಿತು, ಕಚೇರಿಯ ಹೊರಗಿನ ಗೋಡೆ ಮೇಲೆ ಕನ್ನಡದಲ್ಲಿ ಕಾಣಬೇಕು. ಹೆಸರು ಬೇಡ, ಹುದ್ದೆ ಸಾಕು. ಸುಮ್ಮನೆ ಕೂರಿಸಿಕೊಂಡವನಿಗೂ ನೋಟಿಸ್ ಹೋಗಬೇಕು. ಪ್ರಾಮಾಣಿಕವಾಗಿ ತಪ್ಪು ಮಾಡಿದವನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸಬಾರದು. ಎರಡೂ ಒಟ್ಟಿಗೆ ಆಗಬೇಕು. ಒಂದನ್ನೇ ಮಾಡಿದರೆ ಎಲ್ಲರೂ ಹೆದರಿ ಅರ್ಜಿ ತಿರಸ್ಕರಿಸಲು ಶುರು ಮಾಡುತ್ತಾರೆ.

ಕಬ್ಬಿನಗದ್ದೆ:

ಸಾರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಈಗಿರುವ ಮೂರನೇ ಕೇಸ್ ವರ್ಕರ್ ಬಗ್ಗೆ ಬೆಳಗ್ಗೆಯಿಂದ ಇದ್ದ ಕೋಪ ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ.

ವೃತ್ತಸುತ್ತುವವ:

ನಾನು ಈಗ ಕೆಲಸದಲ್ಲಿರುವ ಗ್ರಾಮ ಆಡಳಿತಾಧಿಕಾರಿ, ಇದಕ್ಕಿಂತ ಜಾಸ್ತಿ ಗುರುತು ಹೇಳುವುದಿಲ್ಲ. ಮೊದಲು ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು. ಹೆಸರು ದೊಡ್ಡದಾಯಿತು, ಕುರ್ಚಿ ಅದೇ. ಆ ಕುರ್ಚಿ ಕೂಡ ನಾನೇ ಮನೆಯಿಂದ ತಂದದ್ದು.

ಶಿರಸ್ತೇದಾರ್ ಸಾರ್ ಹೇಳಿದ್ದು ನಿಜ, ಆದರೆ ಅವರ ಕಾಲದ ಮೇಜು ಈಗ ನಮ್ಮ ಮೊಬೈಲಿಗೆ ಬಂದಿದೆ. ವೃತ್ತ ಎಂದರೆ ಒಬ್ಬ ಗ್ರಾಮ ಆಡಳಿತಾಧಿಕಾರಿಯ ಪಾಲಿನ ಊರುಗಳು. ನನ್ನ ಹತ್ತಿರ ಒಂದು ವೃತ್ತ ನನ್ನದು, ಇನ್ನೊಂದು ಪ್ರಭಾರ. ಮೊನ್ನೆ ಸೋಮವಾರದ್ದು ಹೇಳುತ್ತೇನೆ ಕೇಳಿ. ಬೆಳಗ್ಗೆ ಏಳಕ್ಕೆ ಮಳೆಗೆ ಗೋಡೆ ಬಿದ್ದ ಮನೆಯ ಫೋಟೊ, ಅದು ಒಂದು ಆ್ಯಪ್. ಅಲ್ಲಿಂದ ಸರ್ಕಾರಿ ಜಮೀನು ಒತ್ತುವರಿಯಾಗಿದೆಯಾ ಎಂದು ನೋಡಿ ಬರುವ ಬೀಟ್, ಅದು ಇನ್ನೊಂದು ಆ್ಯಪ್. ಪಹಣಿಗೆ ಆಧಾರ್ ಜೋಡಿಸುವುದು ಮತ್ತೊಂದು. ಹನ್ನೊಂದಕ್ಕೆ ವಿಡಿಯೊ ಕಾನ್ಫರೆನ್ಸ್, ಅದರಲ್ಲಿ ಯಾವ ವೃತ್ತ ಹಿಂದೆ ಬಿದ್ದಿದೆ ಎಂದು ಪಟ್ಟಿ ಓದುತ್ತಾರೆ. ಮಧ್ಯಾಹ್ನ ವೋಟರ್ ಪಟ್ಟಿ ಕೆಲಸ. ಸಂಜೆ ಒಬ್ಬ ದೊಡ್ಡವರು ಈ ದಾರಿಯಲ್ಲಿ ಹೋಗುತ್ತಾರೆ ಎಂದು ಪ್ರೋಟೋಕಾಲ್ ಡ್ಯೂಟಿ, ಎರಡು ಗಂಟೆ ರಸ್ತೆ ಬದಿ ನಿಂತೆ, ಅವರು ಬೇರೆ ದಾರಿಯಲ್ಲಿ ಹೋದರು. ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಮೆಸೇಜು, ಗೂಗಲ್ ಶೀಟ್ ತುಂಬಿಲ್ಲದವರು ತಕ್ಷಣ ತುಂಬಿ ಎಂದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಕೂತಾಗ ಜನ ಸಂಬಳಕ್ಕೆ ಎಂದುಕೊಂಡರು. ನಾವು ಕೇಳಿದ್ದರಲ್ಲಿ ಈ ಆ್ಯಪ್‌ಗಳ ಹೊರೆ ಕಡಿಮೆ ಮಾಡಿ, ಕೂರಲು ಜಾಗ ಕೊಡಿ ಎಂಬುದೂ ಇತ್ತು.

ಈ ನಡುವೆ ಕಬ್ಬಿನಗದ್ದೆ ಅಣ್ಣನ ಪೌತಿಗೆ ನಾನು ಊರಿಗೆ ಹೋಗಿ ಹೇಳಿಕೆ ಪಡೆದು ಮಹಜರು (ಸಾಕ್ಷಿಗಳ ಮುಂದೆ ಸ್ಥಳದಲ್ಲೇ ಬರೆಯುವ ವರದಿ) ಬರೆಯಬೇಕು. ಯಾವಾಗ ಬರೆಯಲಿ? ಪೌತಿ ಖಾತೆಗೆ ಬೈಯುವ ವಿಡಿಯೊ ಕಾನ್ಫರೆನ್ಸ್ ಬಂದ ವಾರ ಪೌತಿ ಆಗುತ್ತದೆ, ಆಧಾರ್‌ಗೆ ಬೈಯುವ ವಾರ ಆಧಾರ್ ಆಗುತ್ತದೆ. ಅಷ್ಟೇ.

ಇನ್ನು ವರ್ಗಾವಣೆ. ಒಳ್ಳೆ ಸೀಟು ಬೇಕೆಂದರೆ ಶಾಸಕರ ಲೆಟರ್ ಬೇಕು, ಮೇಲಿನವರದ್ದಾದರೆ ಮಿನಿಟ್, ಅಂದರೆ ಮಂತ್ರಿಗಳ ಟಿಪ್ಪಣಿ, ಹಾಕಿಸಬೇಕು. ಲೆಟರ್ ತಂದವನು ಯಾರ ಮಾತು ಕೇಳುತ್ತಾನೆ, ತಹಶೀಲ್ದಾರರದ್ದಾ? ಲೆಟರ್ ತರದವನು ಎರಡು ವೃತ್ತ ಹೊತ್ತುಕೊಂಡು ಸುತ್ತುತ್ತಾನೆ. ನಮ್ಮಲ್ಲಿ ಕಳ್ಳರಿಲ್ಲ ಎಂದು ನಾನು ಹೇಳುವುದಿಲ್ಲ, ಇದ್ದಾರೆ, ನಮಗೂ ಗೊತ್ತು ಅವರು ಯಾರು ಅಂತ. ಖರ್ಚು ಮಾಡಿ ಬಂದವನು ಖರ್ಚು ವಾಪಸ್ ಎತ್ತುತ್ತಾನೆ, ಅದಕ್ಕೆ ಲೆಕ್ಕಶಾಸ್ತ್ರ ಓದಬೇಕಾಗಿಲ್ಲ.

ನನ್ನ ಬದಲಾವಣೆ: ಒಂದು ವೃತ್ತಕ್ಕೆ ಒಬ್ಬರು, ಮೂರು ವರ್ಷ ಅಲ್ಲಾಡಿಸಬಾರದು, ಮತ್ತು ಆ ನಿಯೋಜನೆ ಎಂಬ ಪದವನ್ನೇ ತೆಗೆಯಿರಿ. ಹುದ್ದೆ ನಮ್ಮ ಹೋಬಳಿಯಲ್ಲಿ, ಸಂಬಳ ನಮ್ಮ ಹೋಬಳಿಯಲ್ಲಿ, ಮನುಷ್ಯ ಮಾತ್ರ ಬೇರೆ ಊರಲ್ಲಿ.

ಚಾಕ್‌ಪೀಸ್:

ಸರ್ಕಾರಿ ಶಾಲೆ ಮೇಷ್ಟ್ರು ನಾನು. ವರ್ಗಾವಣೆಗೆ ಲೆಟರ್ ಇಲ್ಲದೆ ಆಗುವುದೇ ಇಲ್ಲ ಎಂದು ಯಾರೂ ಅಂದುಕೊಳ್ಳಬೇಡಿ. ನಮ್ಮ ಇಲಾಖೆಯ ವರ್ಗಾವಣೆಗೆ 2007ರಲ್ಲೇ ಕಾಯ್ದೆ ಬಂತು. ಖಾಲಿ ಜಾಗದ ಪಟ್ಟಿ ಹಾಕುತ್ತಾರೆ, ಸೇವೆ ಎಷ್ಟು, ಗಂಡ ಹೆಂಡತಿ ಎಲ್ಲಿದ್ದಾರೆ, ಕಾಯಿಲೆ ಇದೆಯಾ ಎಂದು ನೋಡಿ ಸಾಲು ಮಾಡಿ ಕೌನ್ಸೆಲಿಂಗಿಗೆ ಕರೆಯುತ್ತಾರೆ. ತಾಪತ್ರಯ ಇಲ್ಲದೆ ಇಲ್ಲ, ಕೆಲವು ವರ್ಷ ನಡೆಯುವುದೇ ಇಲ್ಲ, ಕೋರ್ಟಿಗೆ ಹೋಗುತ್ತದೆ. ಆದರೂ ನನಗೆ ಬೇಕಾದ ಊರು ಯಾರ ಮನೆ ಬಾಗಿಲೂ ಕಾಯದೆ ಸಿಕ್ಕಿತು. ಲಕ್ಷಕ್ಕೂ ಜಾಸ್ತಿ ಮೇಷ್ಟ್ರುಗಳಿಗೆ ಮಾಡಬಹುದಾದರೆ ಕಂದಾಯ ಇಲಾಖೆಗೆ ಯಾಕೆ ಆಗುವುದಿಲ್ಲ?

ಸುಧಾರಣೆಯ ವರದಿಗಳಿಗಂತೂ ನಮ್ಮಲ್ಲಿ ಬರ ಇಲ್ಲ. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ವಿಧಾನಸೌಧದ ಮೇಲೆ ಕೆತ್ತಿಸಿದ ಕೆಂಗಲ್ ಹನುಮಂತಯ್ಯ ಆಮೇಲೆ ದೇಶದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದರು, ಅದು 20 ವರದಿ ಕೊಟ್ಟಿತು. ಎರಡನೇ ಆಯೋಗಕ್ಕೆ 2005ರಲ್ಲಿ ವೀರಪ್ಪ ಮೊಯ್ಲಿ, 15 ವರದಿ. ಇಬ್ಬರೂ ನಮ್ಮ ಮುಖ್ಯಮಂತ್ರಿಗಳಾಗಿದ್ದವರೇ. ರಾಜ್ಯದ್ದು ಬೇರೆ, ಹಾರನಹಳ್ಳಿ ರಾಮಸ್ವಾಮಿ ಆಯೋಗ, ಆಮೇಲೆ ವಿಜಯಭಾಸ್ಕರ್ ಆಯೋಗ. ಬರೆದವರು ಪಾಪ ಕಷ್ಟಪಟ್ಟೇ ಬರೆದಿರುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ರೀಡಿಂಗ್‌ರೂಮ್:

ಅಗ್ರಹಾರಸರ್ಕಲ್ ಅವರೇ, ಮಹಾರಾಜರ ಕಾಲ ಚೆನ್ನಾಗಿತ್ತು ಎಂದಿರಿ. ಯಾರಿಗೆ?

ನಮ್ಮ ತಾತ ಭೂಕಂದಾಯ ಕಟ್ಟಲು ಹೋದರೆ ಶಾನುಭೋಗರ ಜಗಲಿ ಹತ್ತುವ ಹಾಗಿರಲಿಲ್ಲ. ಅಂಗಳದಲ್ಲಿ ನಿಂತು ದುಡ್ಡನ್ನು ನೆಲದ ಮೇಲಿಟ್ಟು ಹಿಂದೆ ಸರಿಯಬೇಕಿತ್ತು. ರಸೀದಿ ಕೇಳುವ ಧೈರ್ಯ ಎಲ್ಲಿಂದ ಬರುತ್ತದೆ? ಶಾನುಭೋಗಿಕೆ, ಪಟೇಲಿಕೆ ಎಲ್ಲ ವಂಶದಿಂದ ವಂಶಕ್ಕೆ. ಅದನ್ನು ತೆಗೆದುಹಾಕುವ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ನನ್ನ ಪ್ರಕಾರ ಈ ರಾಜ್ಯದಲ್ಲಿ ಹಳ್ಳಿಯವರಿಗೆ ಸಿಕ್ಕ ಅತಿ ದೊಡ್ಡ ಆಡಳಿತ ಸುಧಾರಣೆ ಅದೇ, ಯಾರೂ ಅದನ್ನು ಸುಧಾರಣೆ ಎಂದು ಕರೆಯುವುದೇ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ, 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ಮಾಡಿದ್ದೇ ಸರ್ಕಾರಿ ಕೆಲಸವೆಲ್ಲ ಒಂದೇ ಜಾತಿಯವರ ಕೈಯಲ್ಲಿದೆ ಎಂಬ ದೂರಿಗೆ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಉಳಿದ ಜಾತಿಯವರಿಗೆ ಸಿಗಬೇಕು ಎಂದು ಅದು ಹೇಳಿತು. ಹೀಗೆ ಹುದ್ದೆ ಮೀಸಲಿಡುವುದನ್ನು ಒಪ್ಪದ ವಿಶ್ವೇಶ್ವರಯ್ಯನವರು ಅಷ್ಟರಲ್ಲೇ ದಿವಾನಗಿರಿ ಬಿಟ್ಟಿದ್ದರು. ಅವರ ಬಗ್ಗೆ ಗೌರವ ಇದೆ, ಮಂಡ್ಯದಲ್ಲಿ ಹುಟ್ಟಿ ನಾಲೆ ನೀರು ಕುಡಿದವಳು ನಾನು. ಆದರೆ ಈ ವಿಷಯದಲ್ಲಿ ಮಹಾರಾಜರೇ ಸರಿ.

ಈಗ ನನ್ನ ಕಥೆ. ನಾನು ಮೈಸೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. 2024ರ ಆಗಸ್ಟ್ 27ರಂದು 384 ಹುದ್ದೆಗಳ ಪ್ರಿಲಿಮ್ಸ್ ಬರೆದೆ. ಪ್ರಶ್ನೆಪತ್ರಿಕೆಯ ಕನ್ನಡ ನೋಡಿದವರಿಗೆ ಗೊತ್ತು. ಇಂಗ್ಲಿಷಿನಲ್ಲಿ ಬರೆದು ಯಂತ್ರಕ್ಕೆ ಕೊಟ್ಟ ಹಾಗಿತ್ತು. ಕನ್ನಡದ ಪ್ರಶ್ನೆ ಅರ್ಥವಾಗಲು ಪಕ್ಕದ ಇಂಗ್ಲಿಷ್ ಓದಬೇಕಿತ್ತು. ಗಲಾಟೆ ಆಯಿತು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಿದರು, ಅದರಲ್ಲೂ ತಪ್ಪು ಎಂದು ಮತ್ತೆ ಗಲಾಟೆ. ಇದಕ್ಕೂ ಮುಂಚೆ 2011ನೇ ಸಾಲಿನ 362 ಹುದ್ದೆಗಳ ಆಯ್ಕೆ ರದ್ದಾಗಿ, ಎಷ್ಟೋ ವರ್ಷದ ಮೇಲೆ 2022ರಲ್ಲಿ ಕಾಯ್ದೆ ಮಾಡಿ ಊರ್ಜಿತ ಮಾಡಿದರು. ನಮ್ಮ ರೀಡಿಂಗ್ ರೂಮಿನಲ್ಲಿ ಮೂವತ್ತಮೂರು ವಯಸ್ಸಿನ ಅಕ್ಕ ಒಬ್ಬರಿದ್ದಾರೆ. ಟೇಬಲ್ ಮೇಲೆ ಒಂದು ಚಿಕ್ಕ ಕ್ಯಾಲೆಂಡರ್ ಇಟ್ಟುಕೊಂಡಿದ್ದಾರೆ. ಅದರಲ್ಲಿ ಪರೀಕ್ಷೆ ತಾರೀಖನ್ನು ಪೆನ್ಸಿಲಲ್ಲಿ ಮಾತ್ರ ಗುರುತು ಹಾಕುತ್ತಾರೆ.

ನನ್ನ ಬದಲಾವಣೆ: ಪ್ರಶ್ನೆಪತ್ರಿಕೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಬೇಕಾದವರಿಗೆ ಇಂಗ್ಲಿಷಿಗೆ ಅನುವಾದ ಮಾಡಿ. ಕನ್ನಡದಲ್ಲಿ ಯೋಚನೆ ಮಾಡಿ ಪ್ರಶ್ನೆ ಕೇಳಲು ಬಾರದವರು ಆರಿಸಿದ ಅಧಿಕಾರಿ ನಾಳೆ ಕಬ್ಬಿನಗದ್ದೆ ಅಣ್ಣನ ಅಮ್ಮನಿಗೆ ಏನು ಹೇಳುತ್ತಾನೆ? ಇನ್ನೊಂದು, ಇದು ಬೋನಸ್. ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆಗೆ ಬರುವ ಹೊಸ ಅಧಿಕಾರಿಗಳನ್ನು ಒಂದು ವಾರ ಗುರುತು ಹೇಳದೆ ಯಾವುದಾದರೂ ನಾಡಕಚೇರಿ ಕ್ಯೂನಲ್ಲಿ ನಿಲ್ಲಿಸಬೇಕು. ಕೈಯಲ್ಲಿ ತಪ್ಪು ಹೆಸರಿನ ಮರಣ ಪತ್ರ ಕೊಟ್ಟು.

ಅಗ್ರಹಾರಸರ್ಕಲ್:

ಒಪ್ಪಿದೆ ತಾಯಿ. ಜಗಲಿ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಯವರು ಜಗಲಿ ಮೇಲೆ ಕೂತವರ ಕಡೆಯವರು, ಅದಕ್ಕೇ ಇರಬೇಕು.

ಹತ್ತುರೂಪಾಯಿಅರ್ಜಿ:

ಎಲ್ಲರೂ ದೊಡ್ಡ ದೊಡ್ಡದು ಹೇಳಿದಿರಿ, ಪಾಪ ಕೇಳಿದವನ ಕೆಲಸ ಯಾರೂ ನೋಡಲಿಲ್ಲ. ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕುವುದನ್ನೇ ಹವ್ಯಾಸ ಮಾಡಿಕೊಂಡವನು, ಮನೆಯವರಿಗೆ ಬೇಜಾರಾಗಿದೆ.

ಕಬ್ಬಿನಗದ್ದೆ, ಹನ್ನೊಂದು ಸಲ ಹೋದವರು ಒಂದು ಸಲವೂ ಸಕಾಲ ನಂಬರ್ ಕೇಳಿದಿರಾ? ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಎನ್ನುವ ಕಾಯ್ದೆಯೇ ಸಕಾಲ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಚೀಟಿ ಕೊಡಬೇಕು. ಆ ಚೀಟಿ ಇಲ್ಲ ಎಂದರೆ ಲೆಕ್ಕಕ್ಕೆ ನೀವು ಅರ್ಜಿಯನ್ನೇ ಕೊಟ್ಟಿಲ್ಲ. ಎರಡು ಸೆಟ್ ಜೆರಾಕ್ಸ್ ಕೊಟ್ಟೆ ಎನ್ನುತ್ತೀರಿ, ಅದಕ್ಕೆ ಸ್ವೀಕೃತಿ ಇದೆಯಾ? ಇರಲಾರದು.

ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ಬಂತು, 11 ಇಲಾಖೆಯ 151 ಸೇವೆಯಿಂದ ಶುರುವಾಗಿ ಈಗ ಸಾವಿರ ದಾಟಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಜಾಸ್ತಿ ಎಂದರೆ 500 ರೂಪಾಯಿ, ಅರ್ಜಿದಾರನಿಗೆ ಕೊಡಬೇಕು, ತಪ್ಪು ಮಾಡಿದವರ ಸಂಬಳದಲ್ಲಿ ಹಿಡಿಯಬೇಕು. ಶಿರಸ್ತೇದಾರ್ ಸಾರ್ ಹೇಳಿದ ಸುಮ್ಮನೆ ಕೂತವನಿಗೆ ನೋಟಿಸ್ ಎಂಬುದನ್ನು ಈ ಕಾಯ್ದೆ ಆಗಲೇ ಬರೆದಿದೆ. ಆದರೆ 500 ರೂಪಾಯಿಗೆ ಈಗ ಯಾರು ಹೆದರುತ್ತಾರೆ? ಅದನ್ನು ಕೇಳಿ ಪಡೆದವರನ್ನು ನಾನು ನಮ್ಮ ಬೀದಿಯಲ್ಲಿ ಕಂಡಿಲ್ಲ.

ಇದರಲ್ಲೂ ಒಂದು ಕೈಚಳಕ ಇದೆ, ಹುಷಾರು. ಗಡುವು ಮುಗಿಯುವ ಹೊತ್ತಿಗೆ 'ದಾಖಲೆ ಸಾಲದು' ಎಂದು ಅರ್ಜಿ ತಿರಸ್ಕರಿಸಿದರೆ, ಲೆಕ್ಕದಲ್ಲಿ ಅದು ಸಮಯಕ್ಕೆ ಸರಿಯಾಗಿ ವಿಲೇವಾರಿಯಾದ ಅರ್ಜಿ. ಜಿಲ್ಲೆಗೆ ಒಳ್ಳೆ ರ್ಯಾಂಕ್ ಬರುತ್ತದೆ, ನಿಮಗೆ ಹನ್ನೆರಡನೇ ಸಲ ಹೋಗುವ ಭಾಗ್ಯ ಬರುತ್ತದೆ. ನನ್ನ ಒಂದು ಬದಲಾವಣೆ ಅದೇ. ತಿರಸ್ಕಾರವನ್ನು ವಿಲೇವಾರಿ ಎಂದು ಎಣಿಸಬಾರದು. ತಿರಸ್ಕರಿಸಿದರೆ ಯಾವ ದಾಖಲೆ, ಯಾವ ನಿಯಮದ ಪ್ರಕಾರ ಎಂದು ಒಂದೇ ಸಲಕ್ಕೆ ಪೂರ್ತಿ ಬರೆದು ಕೊಡಬೇಕು. ಇವತ್ತು ಒಂದು, ನಾಳೆ ಇನ್ನೊಂದು ಕೇಳುವ ಹಾಗಿಲ್ಲ.

ಈಗ ನೀವು ಮಾಡಬೇಕಾದ್ದು. ನಾಳೆ ಹೋಗಿ ನಂಬರ್ ಕೇಳಿ. ಇಲ್ಲ ಎಂದರೆ ಹೊಸ ಅರ್ಜಿ ಕೊಟ್ಟು ನಂಬರ್ ಪಡೆದೇ ಹೊರಗೆ ಬನ್ನಿ. ತಿರಸ್ಕಾರ ಆಗಿದ್ದರೆ 30 ದಿನದೊಳಗೆ ಮೇಲ್ಮನವಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದು ಅರ್ಜಿ. ನನ್ನ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ ಎಂದು ಮಾತ್ರ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಅದಕ್ಕೇ ಹೇಳಿದ್ದು ಕೋಪ ತಾಪ ಎಲ್ಲ ಬರೆಯಬೇಡಿ. 30 ದಿನದಲ್ಲಿ ಉತ್ತರ ಕೊಡಬೇಕು. ಟಿಪ್ಪಣಿ ಹಾಳೆ ಕೇಳಿದ್ದಾರೆ ಎಂದು ಗೊತ್ತಾದ ದಿನವೇ ಬೀರುವಿನ ಮೇಲಿನ ಗಂಟು ಕೆಳಗಿಳಿಯುತ್ತದೆ.

ಜೆರಾಕ್ಸ್ ಅಂಗಡಿಯವನ ಹತ್ತಿರ ಮಾತ್ರ ಹೋಗಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವನೂ ಆರೋಪಿಯೇ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು, ಆಗ ಮಾತ್ರ ಬಚಾವು.

ಹಳೇಶಿರಸ್ತೇದಾರ:

ಟಿಪ್ಪಣಿ ಹಾಳೆ ಕೇಳುವುದು ಒಳ್ಳೆ ಉಪಾಯ, ನಾನು ಕೆಲಸದಲ್ಲಿದ್ದಾಗ ಇದನ್ನು ಯಾರಿಗೂ ಹೇಳಿಕೊಡುತ್ತಿರಲಿಲ್ಲ ಬಿಡಿ.

ವೃತ್ತಸುತ್ತುವವರು ಹೇಳಿದ ಮೂರು ವರ್ಷಕ್ಕೆ ಒಂದು ಮಾತು ಸೇರಿಸುತ್ತೇನೆ. ಅಧಿಕಾರಿಗಳಿಗೆ ಇಂತಿಷ್ಟು ಕಾಲ ಎಂದು ಕನಿಷ್ಠ ಅವಧಿ ಇರಬೇಕು, ಬಾಯಿಮಾತಿನ ಆದೇಶ ಬಂದರೆ ಅದನ್ನು ಬರೆದು ದಾಖಲೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿದೆ. ನನ್ನ ಇಡೀ ಸರ್ವಿಸ್ಸಿನಲ್ಲಿ ಬಾಯಿಮಾತಿನ ಆದೇಶವನ್ನು ನಾನು ಬರೆದದ್ದು ಒಂದೇ ಸಲ. "ದೂರವಾಣಿಯಲ್ಲಿ ಸೂಚಿಸಿದಂತೆ" ಎಂದು ಎರಡು ಪದ ಸೇರಿಸಿ ಕಡತ ಮಂಡಿಸಿದೆ. ಕಡತ ವಾಪಸ್ ಬಂತು, ಆ ಎರಡು ಪದಕ್ಕೆ ಪೆನ್ಸಿಲಲ್ಲಿ ಸುತ್ತು ಹಾಕಿತ್ತು. ಹದಿನೈದು ದಿನಕ್ಕೆ ನನಗೆ ಗಡಿ ತಾಲೂಕಿಗೆ ವರ್ಗ ಆಯಿತು. ಅಲ್ಲಿ ಮೂರು ವರ್ಷ ಚೆನ್ನಾಗಿಯೇ ಇದ್ದೆ, ಊಟ ಮಾತ್ರ ಸೇರುತ್ತಿರಲಿಲ್ಲ.

ಕಬ್ಬಿನಗದ್ದೆ (ಹತ್ತು ದಿನದ ನಂತರ):

ಎಲ್ಲರಿಗೂ ಹೇಳಬೇಕು ಎಂದು ಬಂದೆ.

ಹೋಗಿ ಸಕಾಲ ನಂಬರ್ ಕೇಳಿದೆ. ಮೂರನೇ ಕೇಸ್ ವರ್ಕರ್ ಮೇಡಮ್ಮು, ಚಿಕ್ಕ ವಯಸ್ಸು, ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕಂಪ್ಯೂಟರಲ್ಲಿ ಹುಡುಕಿದರು. ಮೊದಲ ಅರ್ಜಿಗೆ ನಂಬರ್ ಇತ್ತು, ನನಗೆ ಯಾರೂ ಕೊಟ್ಟಿರಲಿಲ್ಲ ಅಷ್ಟೇ. ಅದು ಹೋದ ವರ್ಷವೇ ವಿಲೇವಾರಿ ಆಗಿದೆ. ಕಾರಣ, 'ದಾಖಲೆ ಸಾಲದು'. ಹತ್ತುರೂಪಾಯಿಅರ್ಜಿ ಸಾರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಏನು ಮಾಡಬೇಕೋ ಗೊತ್ತಾಗಲಿಲ್ಲ. ಎರಡನೇ ಸೆಟ್ಟನ್ನು ಹತ್ತಿಸಿಯೇ ಇರಲಿಲ್ಲ. ಅಂದರೆ ಒಂದು ವರ್ಷದಿಂದ ನಾನು ಇಲ್ಲದ ಅರ್ಜಿಯ ಹಿಂದೆ ಓಡಾಡುತ್ತಿದ್ದೆ.

ಮೇಲ್ಮನವಿಯ ಅವಧಿ ಮುಗಿದಿದೆ. ಹೊಸ ಅರ್ಜಿ ಕೊಟ್ಟೆ. ಏನೇನು ಬೇಕೋ ಎಲ್ಲ ಒಂದೇ ಸಲ ಬರೆದುಕೊಡಿ ಎಂದೆ. ಮೇಡಮ್ಮು ಪಕ್ಕದಲ್ಲಿದ್ದ ಹಳೇ ಕವರಿನ ಹಿಂದೆ ಐದು ಸಾಲು ಬರೆದು, ಕೆಳಗೆ ತಾರೀಖು ಹಾಕಿ ಕೊಟ್ಟರು. ಸಹಿ ಹಾಕಿ ಎಂದೆ. ಪೆನ್ನು ಕಾಗದದ ಮೇಲಿಟ್ಟವರು ಹಾಗೇ ನಿಂತರು. ಶಿರಸ್ತೇದಾರ್ ಸಾರ್ ಹೇಳಿದ್ದು ನೆನಪಾಗಿ ನಾನು ಸುಮ್ಮನಿದ್ದೆ. ಆಮೇಲೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಒಂದು ಸಹಿ ಹಾಕಿದರು. "ನಾನು ಈ ಸೀಟಿಗೆ ಬಂದು ನಲವತ್ತು ದಿನ ಆಯ್ತು, ಹಳೇ ಗಂಟೆಲ್ಲ ನನ್ ತಲೆ ಮೇಲೇ ಇದೆ" ಎಂದರು. ಬೀರು ನಿಜವಾಗಿಯೂ ಅವರ ಕುರ್ಚಿಯ ಹಿಂದೆಯೇ ಇತ್ತು, ತಲೆ ಮೇಲೆಯೇ.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದೇನೆ, 94 ಪದ, ತಂಗಿ ಎಣಿಸಿದಳು.

ಮಹಜರಿಗೆ ಗ್ರಾಮ ಆಡಳಿತಾಧಿಕಾರಿ ಗುರುವಾರ ಬರುತ್ತಾರಂತೆ. ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಸಹಿ ಹಾಕಲು ಅಕ್ಕಪಕ್ಕದ ಜಮೀನಿನ ಇಬ್ಬರು ಬೇಕು. ಈಗ ಕಬ್ಬು ಕಡಿಯುವ ಕಾಲ, ಹಗಲು ಯಾರೂ ಮನೆಯಲ್ಲಿ ಸಿಗುವುದಿಲ್ಲ. ಅಮ್ಮ ನಿನ್ನೆ ಸಂಜೆಯೇ ಇಬ್ಬರ ಮನೆಗೂ ಹೋಗಿ, ಗುರುವಾರ ಗದ್ದೆಗೆ ಹೋಗಬೇಡಿ, ಮಧ್ಯಾಹ್ನದ ಊಟ ನಮ್ಮಲ್ಲೇ ಎಂದು ಹೇಳಿ ಬಂದಿದ್ದಾರೆ. ವೃತ್ತಸುತ್ತುವವರೇ, ಬರುವುದು ನೀವೇ ಆಗಿದ್ದರೆ ಕುರ್ಚಿ ತರಬೇಡಿ, ನಮ್ಮ ಮನೆಯಲ್ಲಿ ಇದೆ.